ಉಳಿದ ಉಲ್ಲನ್ನಿಗೆ ಮೊದಲ ಹಕ್ಕು ನಿಮ್ಮ ಪಾದದ್ದು

ಸ್ವೆಟರ್ ಮುಗಿದ ಮೇಲೆ ಉಳಿಯೋ ಉಲ್ಲನ್ ಉಂಡೆಗಳನ್ನು ನೀವೇನು ಮಾಡ್ತೀರಿ? ಬಿಸಾಡೋಕೆ ಮನಸ್ಸು ಬರೋದಿಲ್ಲ, ಬಳಸೋಕೆ ದಾರಿ ಕಾಣೋದಿಲ್ಲ. ಒಂದು ಕವರಿಗೆ ತುಂಬಿ, ಬಾಯಿಗೆ ಗಂಟು ಹಾಕಿ ಬೀರುವಿನ ತಲೆ ಮೇಲೆ ಇಡ್ತೀವಿ. ಆಮೇಲೆ ಯಾವಾಗಲೋ ದೀಪಾವಳಿಗೆ ಧೂಳು ಹೊಡೆಯುವಾಗ ಆ ಕವರ್ ಕೆಳಗಿಳಿಯುತ್ತೆ, ಬಣ್ಣಗಳನ್ನು ನೋಡಿ ಒಂದು ನಿಮಿಷ ಖುಷಿ ಪಡ್ತೀವಿ, ಮತ್ತೆ ಮೇಲೇರಿಸ್ತೀವಿ!

ಸ್ವಲ್ಪ ಉತ್ಸಾಹ ಇರೋರು ಅದರಲ್ಲಿ ಬಾಗಿಲಿಗೆ ತೋರಣ ಮಾಡ್ತಾರೆ. ಟೀಪಾಯಿ ಮೇಲೆ ಹಾಕೋ ರೌಂಡು, ಮೊಬೈಲಿಗೆ ಚೀಲ, ಫ್ರಿಜ್ಜಿನ ಹಿಡಿಗೆ ಕವರು, ಮಿಕ್ಸಿಗೊಂದು ಟೋಪಿ. ಯೋಚನೆ ಮಾಡಿ ನೋಡಿ, ಮನೆಯಲ್ಲಿರೋ ಸಾಮಾನಿಗೆಲ್ಲ ಬಟ್ಟೆ ತೊಡಿಸ್ತೀವಿ. ಆದರೆ ಡಿಸೆಂಬರಿನ ಚಳಿಯಲ್ಲಿ ಬೆಳಗ್ಗೆ ಐದೂವರೆಗೆ ಎದ್ದು, ಮಂಜುಗಡ್ಡೆಯಂಥ ಟೈಲ್ಸ್ ಮೇಲೆ ಮೊದಲು ಇಡೋ ಪಾದಕ್ಕೆ ಏನೂ ಇಲ್ಲ. ಆ ಪಾದ ಯಾರದು ಅಂತ ಬಿಡಿಸಿ ಹೇಳಬೇಕಾ?

ಅದಕ್ಕೇ ಹೇಳ್ತಿದ್ದೀನಿ, ಉಳಿದ ಉಲ್ಲನ್ನಿನಿಂದ ಕಾಲುಚೀಲ ಹೆಣೆಯಿರಿ. ಮೊದಲ ಜೊತೆ ನಿಮಗೇ ಹೆಣೆದುಕೊಳ್ಳಿ.

ನಿಟ್ಟೂರಿನ ನಿಟ್ಟಿಂಗು

ನನ್ನ ತವರು ಗುಬ್ಬಿ ತಾಲ್ಲೂಕಿನ ನಿಟ್ಟೂರು. 'ನಿಟ್ಟೂರಿನವಳು ನಿಟ್ಟಿಂಗ್ ಮಾಡದೆ ಇನ್ನೇನು ಮಾಡ್ತಾಳೆ' ಅಂತ ತುಮಕೂರಿನ ಗೆಳತಿಯರು ರೇಗಿಸ್ತಾರೆ. ಊರಿನ ಹೆಸರು ಕೇಳಿದ್ರೆ ಕೆಲವರಿಗೆ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿ ನೆನಪಾಗುತ್ತೆ. ರೈಲಿನಲ್ಲಿ ಅರಸೀಕೆರೆ ಕಡೆ ಓಡಾಡೋರಿಗೆ ಗುಬ್ಬಿ ಆದ ಮೇಲೆ ಬರೋ ಸ್ಟೇಷನ್ ನೆನಪಾಗುತ್ತೆ. ಈಗಿನ ಮಕ್ಕಳಿಗಾದ್ರೆ ಹೆಲಿಕಾಪ್ಟರ್. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತಲ್ಲ, ಅದು. ಉಲ್ಲನ್ ಯಾರಿಗೂ ನೆನಪಾಗೋದಿಲ್ಲ.

ಹಾಗಂತ ನಮ್ಮ ಜಿಲ್ಲೆಗೆ ಉಣ್ಣೆ ಹೊಸದೇನಲ್ಲ. ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಕುರುಬರ ಮನೆಗಳಲ್ಲಿ ಕಂಬಳಿ ನೇಯೋದು ತಲೆತಲಾಂತರದ ಕಸುಬು. ಕುರಿಯ ತುಪ್ಪಟವನ್ನು ಬಿಡಿಸಿ, ನೂಲು ತೆಗೆಯೋದು ಹೆಚ್ಚಾಗಿ ಹೆಂಗಸರ ಕೆಲಸ, ಮಗ್ಗದ ಮೇಲೆ ಕೂರೋದು ಗಂಡಸರು. ಹುಣಸೆಬೀಜದ ಗಂಜಿ ಕುಡಿಸಿದ ಕಂಬಳಿ ಮಳೆಗೂ ಆಯ್ತು, ಚಳಿಗೂ ಆಯ್ತು. ನೇಯ್ದ ಕಂಬಳಿ ಎಲ್ಲರ ಕಣ್ಣಿಗೂ ಬೀಳುತ್ತೆ, ನೂಲು ತೆಗೆದ ಬೆರಳು ಬೀಳೋದಿಲ್ಲ. ಹೆಂಗಸರ ಕೈಗೆಲಸದ ಕಥೆಯೇ ಇಷ್ಟು ಬಿಡಿ.

ಆ ಕಂಬಳಿಯ ನೂಲು ಒರಟು, ಕಾಲುಚೀಲಕ್ಕೆ ಆಗೋದಿಲ್ಲ. ನಾವು ಹೆಣೆಯೋ ಮೆತ್ತನೆ ಉಲ್ಲನ್ ಬೇರೆ ದಾರಿಯಲ್ಲಿ ಬಂದಿದ್ದು. ಹೆಚ್ಚಿನದು ಪಂಜಾಬಿನ ಲೂಧಿಯಾನದ್ದು. ವರ್ಧಮಾನ್, ಓಸ್ವಾಲ್ ಅಂತ ಲೇಬಲ್ ನೋಡಿರ್ತೀರಿ. ಹೆಣಿಗೆಯನ್ನು ನಮ್ಮಲ್ಲಿ ಎಷ್ಟೋ ಜನ ಕಲಿತಿದ್ದು ಹೈಸ್ಕೂಲಿನ ಎಸ್‌ಯುಪಿಡಬ್ಲ್ಯು ಪೀರಿಯಡ್ಡಿನಲ್ಲಿ. 'ಸೀದಾ ಎರಡು, ಉಲ್ಟಾ ಎರಡು' ಅಂತ ಮಗ್ಗಿ ಥರ ಹೇಳಿಕೊಂಡು ಹೆಣೆದ ಆ ಅರ್ಧ ಮಫ್ಲರ್ ನಿಮ್ಮ ತವರಿನ ಟ್ರಂಕಿನಲ್ಲಿ ಈಗಲೂ ಇರಬಹುದು. ಆ ಎರಡು ಹೊಲಿಗೆ ಬಂದ್ರೆ ಸಾಕು, ಕಾಲುಚೀಲಕ್ಕೆ ಅರ್ಧ ವಿದ್ಯೆ ಬಂದಂತೆ.

ದುಡ್ಡು ಉಳಿಯುತ್ತಾ?

ಉಳಿಯೋದಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ. ಉಳಿತಾಯದ ಲೆಕ್ಕ ಹಾಕಿ ಕೂತರೆ ಬೇಜಾರಾಗುತ್ತೆ. ತುಮಕೂರಿನ ಎಂ.ಜಿ. ರೋಡಿನಲ್ಲಿ ಮಗನ ಶಾಲೆ ಸಾಕ್ಸ್ ಜೊತೆ ಒಂದು ಬೆಡ್‌ಶೀಟ್ ಚೌಕಾಸಿ ಮಾಡಿ ತರೋ ಹೊತ್ತಿನಲ್ಲಿ ಕೈಯಲ್ಲಿ ಹೆಣೆಯೋ ಕಾಲುಚೀಲದ ಅಂಚು ಕೂಡ ಮುಗಿಯೋದಿಲ್ಲ. ದಿನಕ್ಕೆ ಅರ್ಧ ಗಂಟೆ ಕೂತರೆ ದೊಡ್ಡವರ ಒಂದು ಜೊತೆಗೆ ಮೂರು ನಾಲ್ಕು ವಾರ ಬೇಕು. ಮಿಷನ್ನಿನ ಜೊತೆ ನಾವು ಪೈಪೋಟಿಗೆ ಇಳಿಯೋದೇ ಬೇಡ.

ಹಾಗಾದ್ರೆ ಯಾಕೆ ಹೆಣೆಯಬೇಕು? ಅಂಗಡಿ ಸಾಕ್ಸ್ ಮೇಲೆ 'ಫ್ರೀ ಸೈಜ್' ಅಂತ ಬರೆದಿರ್ತಾರೆ. ಯಾರ ಪಾದವೂ ಫ್ರೀ ಸೈಜ್ ಅಲ್ಲ. ಎರಡು ಹೆರಿಗೆ ಆದ ಮೇಲೆ ಅಗಲವಾದ ಪಾದ, ಸಂಜೆಯಾದರೆ ಊದಿಕೊಳ್ಳೋ ಪಾದ, ಹೆಬ್ಬೆರಳಿನ ಬುಡದ ಮೂಳೆ ಹೊರಗೆ ಬಂದ ಪಾದ, ಕಾಲುಂಗುರ ಹಾಕಿದ ಪಾದ. ಇವುಗಳ ಅಳತೆ ಕಂಪನಿಗೆ ಗೊತ್ತಿರೋದಿಲ್ಲ, ನಮಗೆ ಗೊತ್ತು. ಗೊತ್ತಿದ್ದೂ ನಾವು ಅಳೆದು ನೋಡಿಕೊಳ್ಳೋದಿಲ್ಲ, ಅದೇ ತಮಾಷೆ. ಗಂಡನ ಶರ್ಟಿನ ಕಾಲರ್ ನಂಬರ್, ಮಗಳ ಶೂ ನಂಬರ್, ಮಾವನವರ ಕನ್ನಡಕದ ಪವರ್ ಎಲ್ಲ ಬಾಯಿಪಾಠ. ನಿಮ್ಮ ಪಾದದ ಸುತ್ತಳತೆ ಎಷ್ಟು ಅಂತ ಕೇಳಿದ್ರೆ?

'ಉಳಿದಿದ್ದು' ಅಂದ್ರೆ ನಮಗೇ ತಾನೇ?

ಇಲ್ಲಿ ಒಂದು ಮಾತು ನನ್ನನ್ನು ಕಾಡುತ್ತೆ. ರಾತ್ರಿ ಉಳಿದ ಸಾರು ಯಾರಿಗೆ? ತಳ ಹಿಡಿದ ಅನ್ನ ಯಾರಿಗೆ? ಒಡೆದ ದೋಸೆ, ಸೀದ ಚಪಾತಿ, ಕೊನೆಗೆ ಉಳಿದ ಬಾಳೆಹಣ್ಣು? 'ಅಯ್ಯೋ, ವೇಸ್ಟ್ ಆಗುತ್ತಲ್ಲ' ಅಂತ ತಟ್ಟೆಗೆ ಹಾಕಿಕೊಳ್ಳೋರು ನಾವೇ. ಹಾಗಿರುವಾಗ ಉಳಿದ ಉಲ್ಲನ್ನೂ ನಮಗೇ ಅಂತ ನಾನು ಹೇಳಿದ್ರೆ, ಅದೂ ಮಿಕ್ಕಿದ್ದನ್ನು ಹೆಂಗಸಿನ ಪಾಲಿಗೆ ಹಾಕಿದ ಹಾಗೇ ಆಯ್ತಲ್ಲ ಅಂತ ನೀವು ಕೇಳಬಹುದು.

ನ್ಯಾಯವಾದ ಪ್ರಶ್ನೆ. ಆದರೆ ನಿಜವಾಗಿ ನಡೆಯೋದು ಬೇರೆ. ತಂಗಳು ನಮ್ಮ ಪಾಲಿಗೆ ಬರುತ್ತೆ, ಉಲ್ಲನ್ ಬರೋದಿಲ್ಲ! ಹೊಸ ಉಂಡೆಯಲ್ಲಿ ಗಂಡನಿಗೆ ಸ್ವೆಟರ್, ಮಕ್ಕಳಿಗೆ ಸ್ವೆಟರ್. ಉಳಿದಿದ್ದರಲ್ಲಿ ನಾದಿನಿಯ ಮಗುವಿಗೆ ಟೋಪಿ, ಪಕ್ಕದ ಮನೆಯ ಬಾಣಂತಿಗೆ ಕುಲಾವಿ. ಅದರಲ್ಲೂ ಉಳಿದಿದ್ದರಲ್ಲಿ ತೋರಣ. ಹೆಣೆದವಳ ಮೈಮೇಲೆ ಒಂದು ಎಳೆಯೂ ಇಲ್ಲ. ಉಲ್ಲನ್ ಎಷ್ಟು ಉಳಿದರೂ ಅವಳವರೆಗೆ ಬರೋದೇ ಇಲ್ಲ.

ಸಮಯದ ಕಥೆಯೂ ಇದೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡ್ತಾರೆ. ಆ ಕೆಲಸದಲ್ಲಿ ಕೈಹಾಕೋ ಗಂಡಸರು ಕೊಡೋದು 88 ನಿಮಿಷ. ಅಂದ್ರೆ ನಮ್ಮದು ಹತ್ತಿರ ಹತ್ತಿರ ಐದು ಗಂಟೆ, ಅವರದು ಒಂದೂವರೆ ಗಂಟೆ. ಮಕ್ಕಳ, ಹಿರಿಯರ ಆರೈಕೆಯ ಲೆಕ್ಕ ಇದಕ್ಕೆ ಸೇರಿಲ್ಲ. ಇಷ್ಟರ ಮಧ್ಯೆ ಮಧ್ಯಾಹ್ನ ಉಳಿಯೋ ಅರ್ಧ ಗಂಟೆಯನ್ನು ಎಲ್ಲರೂ 'ಹೇಗೂ ಫ್ರೀ ಇದ್ದೀಯಲ್ಲ' ಅಂತಾರೆ. ಬ್ಯಾಂಕಿಗೆ ಹೋಗಿ ಬಾ, ಗ್ಯಾಸಿನವನು ಬರ್ತಾನೆ ನೋಡ್ತಿರು, ನಮ್ಮ ಪಾಪುಗೂ ಒಂದು ಸೆಟ್ ಹೆಣೆದುಕೊಡು, ಉಲ್ಲನ್ ನಾನೇ ಕೊಡ್ತೀನಿ! ಉಲ್ಲನ್ನಿಗೆ ಬೆಲೆ ಇದೆ ಅಂತ ಅವರಿಗೆ ಗೊತ್ತು. ನಲವತ್ತು ಗಂಟೆಗೆ ಬೆಲೆ ಇದೆ ಅಂತ ಗೊತ್ತಿಲ್ಲ.

ಆದ್ದರಿಂದ ಮೊದಲ ಜೊತೆ ನಿಮ್ಮದು ಅನ್ನೋದನ್ನು ನಾನು ಹಟ ಹಿಡಿದೇ ಹೇಳ್ತೀನಿ. ಕವರಿನಲ್ಲಿ ಇರೋದರಲ್ಲಿ ಮೆತ್ತಗಿರೋ, ನಿಮಗಿಷ್ಟವಾದ ಬಣ್ಣವನ್ನು ಮೊದಲು ಆರಿಸಿ. ಯಾರಾದ್ರೂ 'ಯಾರಿಗೆ ಹೆಣೀತಿದ್ದೀಯ' ಅಂತ ಕೇಳಿಯೇ ಕೇಳ್ತಾರೆ. 'ನನಗೆ' ಅಂತ ಹೇಳಿ ನೋಡಿ. ಒಂದೇ ಪದ. ಹೇಳೋಕೆ ಎಷ್ಟು ಕಷ್ಟ ಅಂತ ಹೇಳಿದ ಮೇಲೇ ಗೊತ್ತಾಗೋದು.

ಕಸದ ಗುಂಡಿಯ ಬಣ್ಣದ ಕಾಲುಚೀಲ

ಪಟ್ಟೆಪಟ್ಟೆ ಕಾಲುಚೀಲ ಅಂದ್ರೆ ಮೂಗು ಮುರಿಯೋರಿಗೆ ಒಂದು ಸಂಗತಿ ಹೇಳ್ತೀನಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಪುಟ್ಟ ಕಾಲುಚೀಲ ಇದೆ. ಈಜಿಪ್ಟಿನ ಆಂಟಿನೂಪೊಲಿಸ್ ಅನ್ನೋ ಹಳೇ ಪಟ್ಟಣದ ಕಸದ ರಾಶಿಯಲ್ಲಿ, 1913-14ರ ಉತ್ಖನನದಲ್ಲಿ ಸಿಕ್ಕಿದ್ದು. ಸುಮಾರು 1700 ವರ್ಷ ಹಳೆಯದು. ಯಾವುದೋ ಮಗುವಿನ ಎಡಗಾಲಿನದು. ಮೈತುಂಬಾ ಬಣ್ಣದ ಪಟ್ಟೆ! 2018ರಲ್ಲಿ ವಿಜ್ಞಾನಿಗಳು ವಿಶೇಷ ಬೆಳಕಿನಲ್ಲಿ ಅದರ ಫೋಟೋ ತೆಗೆದು ಪರೀಕ್ಷಿಸಿದಾಗ, ಅಷ್ಟೂ ಬಣ್ಣ ಕೇವಲ ಮೂರು ಗಿಡಗಳಿಂದ ಬಂದಿದ್ದು ಅಂತ ಗೊತ್ತಾಯ್ತು. ಕೆಂಪಿಗೊಂದು, ನೀಲಿಗೊಂದು, ಹಳದಿಗೊಂದು. ಉಳಿದಿದ್ದೆಲ್ಲ ಇವುಗಳ ಮಿಶ್ರಣ. ಕೈಯಲ್ಲಿ ಇರೋದರಲ್ಲೇ ಚೆಂದ ಮಾಡೋ ಬುದ್ಧಿ ನಮ್ಮ ಕಾಲದ್ದಲ್ಲ, ನೋಡಿ.

ಆ ಕಾಲುಚೀಲದ ಇನ್ನೊಂದು ವಿಶೇಷ ನಮಗೆ ಹತ್ತಿರದ್ದು. ಅದರಲ್ಲಿ ಹೆಬ್ಬೆರಳಿಗೆ ಬೇರೆ ಮನೆ, ಮಿಕ್ಕ ನಾಲ್ಕು ಬೆರಳಿಗೆ ಬೇರೆ ಮನೆ ಇದೆ. ಚಪ್ಪಲಿಯ ಉಂಗುಷ್ಠದ ಪಟ್ಟಿ ನಡುವೆ ಸೇರೋ ಹಾಗೆ. ದಿನಾ ಹವಾಯಿ ಚಪ್ಪಲಿ ಮೆಟ್ಟೋ ನಮಗೆ ಇದಕ್ಕಿಂತ ಒಳ್ಳೆ ಡಿಸೈನ್ ಬೇಕಾ? ಒಂದೆರಡು ಜೊತೆ ಹೆಣೆದು ಕೈ ಕುದುರಿದ ಮೇಲೆ ನೀವೂ ಪ್ರಯತ್ನಿಸಿ.

ಕೂತು ಶುರು ಮಾಡೋ ಮುಂಚೆ

ಹೆಣೆಯೋದನ್ನು ಹೊಲಿಗೆ ಹೊಲಿಗೆಯಾಗಿ ಇಲ್ಲಿ ಹೇಳೋದಿಲ್ಲ. ಅದರಲ್ಲೂ ಹಿಮ್ಮಡಿ ತಿರುಗಿಸೋದನ್ನು ಓದಿ ಕಲಿಯೋದಕ್ಕಿಂತ ಗೊತ್ತಿರೋ ಆಂಟಿಯ ಪಕ್ಕ ಕೂತೋ, ಯೂಟ್ಯೂಬಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿಯೋ ಕಲಿಯೋದು ಸುಲಭ. ಉಳಿದ ಉಲ್ಲನ್ ಆದ್ದರಿಂದ ಗಮನ ಕೊಡಬೇಕಾದ ಸಂಗತಿಗಳಷ್ಟೇ ಇವು.

ಬೇರ್ಪಡಿಸಿ: ಕವರಿನಲ್ಲಿರೋ ಉಂಡೆಯೆಲ್ಲ ಒಂದೇ ಜಾತಿಯಲ್ಲ. ನಾವು 'ಉಲ್ಲನ್' ಅಂತ ಕರೆಯೋದರಲ್ಲಿ ಬಹಳಷ್ಟು ಅಕ್ರಿಲಿಕ್. ಲೇಬಲ್ ಕಳೆದುಹೋಗಿದ್ರೆ ಎರಡು ಇಂಚು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ, ಬೆಂಕಿಕಡ್ಡಿ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದ್ರೆ ಅದು ನಿಜವಾದ ಉಣ್ಣೆ. ಕರಗಿ ಗಟ್ಟಿ ಮಣಿಯಾದ್ರೆ ಅಕ್ರಿಲಿಕ್ ಥರದ್ದು. ಎರಡನ್ನೂ ಒಂದೇ ಕಾಲುಚೀಲದಲ್ಲಿ ಬೆರೆಸಬೇಡಿ. ಬಿಸಿನೀರು ಬಿದ್ದರೆ ಉಣ್ಣೆ ಕುಗ್ಗುತ್ತೆ, ಅಕ್ರಿಲಿಕ್ ಕುಗ್ಗೋದಿಲ್ಲ. ಚೀಲ ಸೊಟ್ಟಗಾಗುತ್ತೆ.

ತೂಗಿ: ಅಡುಗೆಮನೆಯ ಪುಟ್ಟ ತಕ್ಕಡಿ ಇದ್ದರೆ ಸಾಕು. ಕಣಕಾಲವರೆಗೆ ಬರೋ ಹೆಂಗಸರ ಒಂದು ಜೊತೆಗೆ ಸಣ್ಣ ಎಳೆಯ ಉಲ್ಲನ್ 60ರಿಂದ 70 ಗ್ರಾಂ ಬೇಕಾಗುತ್ತೆ. ಪ್ರತಿ ಬಣ್ಣವನ್ನೂ ತೂಗಿ ಎರಡು ಸಮಪಾಲು ಮಾಡಿ, ಎರಡು ಬಟ್ಟಲಲ್ಲಿ ಇಡಿ. ಇಲ್ಲದಿದ್ರೆ ಒಂದು ಕಾಲಿಗೆ ಮೃಷ್ಟಾನ್ನ, ಇನ್ನೊಂದು ಕಾಲಿಗೆ ಉಪವಾಸ! ಎಷ್ಟು ಸಾಲುತ್ತೋ ಅನ್ನೋ ಅನುಮಾನ ಇದ್ದರೆ ಬೆರಳಿನ ಕಡೆಯಿಂದ ಶುರು ಮಾಡಿ. ಉಲ್ಲನ್ ಮುಗಿದಲ್ಲಿಗೆ ಚೀಲದ ಎತ್ತರ ನಿಲ್ಲಿಸಬಹುದು.

ಅಳೆಯಿರಿ: ಹೊಲಿಗೆ ಟೇಪಿನಲ್ಲಿ ಪಾದದ ಅಗಲವಾದ ಕಡೆ ಸುತ್ತಳತೆ ತೆಗೆಯಿರಿ. ಅದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. ಹೆಣಿಗೆ ಹಿಗ್ಗುತ್ತೆ, ಸರಿಸಮ ಅಳತೆಗೆ ಹೆಣೆದರೆ ಜಾರಿಬೀಳುತ್ತೆ. ಉದಾಹರಣೆಗೆ ಸುತ್ತಳತೆ 22 ಸೆಂ.ಮೀ. ಇದ್ದರೆ ಚೀಲ ಸುಮಾರು 20 ಸೆಂ.ಮೀ. ಇರಲಿ. 12ನೇ ನಂಬರಿನ ಕಡ್ಡಿಯಲ್ಲಿ ಒಂದು ತುಂಡು ಹೆಣೆದು ನೋಡಿ. 10 ಸೆಂ.ಮೀ.ಗೆ 28 ಹೊಲಿಗೆ ಬಂದರೆ, 20 ಸೆಂ.ಮೀ.ಗೆ 56 ಹೊಲಿಗೆ. ಹಿಮ್ಮಡಿಗೆ ಅದರಲ್ಲಿ ಅರ್ಧ, ಅಂದ್ರೆ 28. ಬೆರಳ ತುದಿಗೆ ನಾಲ್ಕೈದು ಸೆಂ.ಮೀ. ಇದೆ ಅನ್ನುವಾಗ, ಸುತ್ತು ಬಿಟ್ಟು ಸುತ್ತು ನಾಲ್ಕು ನಾಲ್ಕು ಹೊಲಿಗೆ ಕಡಿಮೆ ಮಾಡಿಕೊಂಡು ಬನ್ನಿ. ಪಿ.ಯು.ಸಿ. ಗಣಿತಕ್ಕಿಂತ ಸುಲಭ, ಹೆದರಬೇಡಿ.

ಎಲ್ಲಿ ಯಾವುದು: ಗಟ್ಟಿ ಎಳೆ ಹಿಮ್ಮಡಿಗೆ, ಬೆರಳಿನ ತುದಿಗೆ. ತೂತು ಬೀಳೋದು ಅಲ್ಲೇ. ಮೆತ್ತನೆಯದು ಕಣಕಾಲಿಗೆ. ದಪ್ಪ ಮಾತ್ರ ಎಲ್ಲ ಎಳೆಯದೂ ಒಂದೇ ಇರಬೇಕು. ಬಣ್ಣ ಹೊಂದದಿದ್ರೂ ನಡೆಯುತ್ತೆ, ದಪ್ಪ ಹೊಂದದಿದ್ರೆ ಕಾಲಿಗೆ ಒತ್ತುತ್ತೆ.

ಗಂಟು ಬೇಡವೇ ಬೇಡ: ಉಳಿದ ಉಲ್ಲನ್ ಅಂದ್ರೆ ತುಂಡು ತುಂಡು. ನಾವು ಟಪ್ಪಂತ ಗಂಟು ಹಾಕಿ ಮುಂದೆ ಹೋಗ್ತೀವಿ. ಸ್ವೆಟರಿನಲ್ಲಿ ನಡೆಯುತ್ತೆ, ಕಾಲುಚೀಲದಲ್ಲಿ ನಡೆಯೋದಿಲ್ಲ. ಆ ಗಂಟಿನ ಮೇಲೆ ಇಡೀ ಮೈಭಾರ ಬೀಳುತ್ತೆ. ಹಳೇ ಎಳೆ, ಹೊಸ ಎಳೆ ಎರಡನ್ನೂ ಸೇರಿಸಿ ಏಳೆಂಟು ಹೊಲಿಗೆ ಹೆಣೆದು, ತುದಿಗಳನ್ನು ದಬ್ಬಳದಲ್ಲಿ ಹೊರಮೈ ಕಡೆ ಮರೆಸಿ. ಎಳೆ ಬದಲಾಯಿಸೋದು ಅಂಗಾಲಿನ ಬದಲು ಪಾದದ ಮೇಲ್ಭಾಗದಲ್ಲಿ ಬರೋ ಹಾಗೆ ನೋಡಿಕೊಳ್ಳಿ. ನಿಜವಾದ ಉಣ್ಣೆಯಾದ್ರೆ ಎರಡು ತುದಿಯನ್ನೂ ಒದ್ದೆ ಮಾಡಿ ಅಂಗೈಯಲ್ಲಿ ಚೆನ್ನಾಗಿ ಉಜ್ಜಿದರೆ ತಾನೇ ಅಂಟಿಕೊಳ್ಳುತ್ತೆ. ಅಕ್ರಿಲಿಕ್ಕಿಗೆ ಆ ಉಪಾಯ ನಡೆಯೋದಿಲ್ಲ.

ಬೆರಳಿನ ತುದಿಯನ್ನು ಮುಚ್ಚುವಾಗಲೂ ಅಷ್ಟೇ, ದಪ್ಪ ಹೊಲಿಗೆ ಹಾಕಬೇಡಿ. ಏಣು ಕಾಣದ ಹಾಗೆ ಎರಡು ಕಡೆಯ ಹೊಲಿಗೆಯನ್ನೂ ಸೂಜಿಯಲ್ಲಿ ಕೂಡಿಸೋ ವಿಧಾನಕ್ಕೆ 'ಕಿಚನರ್ ಸ್ಟಿಚ್' ಅಂತ ಹೆಸರು. ಈ ಕಿಚನರ್ ಅಡುಗೆಮನೆಯವನಲ್ಲ, ಸೈನ್ಯದವನು! 1902ರಿಂದ 1909ರವರೆಗೆ ಇಂಡಿಯಾದ ಸೇನಾ ಮುಖ್ಯಸ್ಥನಾಗಿದ್ದು, ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ಯುದ್ಧಮಂತ್ರಿಯಾದವನು. ಆ ಯುದ್ಧದಲ್ಲಿ ಕೆಸರಿನ ಕಂದಕಗಳಲ್ಲಿ ಒದ್ದೆ ಕಾಲಿನಲ್ಲೇ ನಿಂತು ಸಾವಿರಾರು ಸೈನಿಕರ ಪಾದ ಕೆಟ್ಟುಹೋದವು. ಒಣ ಕಾಲುಚೀಲಕ್ಕೆ ಬಂದೂಕಿನಷ್ಟೇ ಬೆಲೆ ಬಂತು, ಮನೆಮನೆಯಲ್ಲಿ ಹೆಂಗಸರು ಕೂತು ಹೆಣೆದರು. ಹೆಸರು ಮಾತ್ರ ಕಿಚನರನಿಗೆ ಹೋಯ್ತು.

ಸಕ್ಕರೆ ಕಾಯಿಲೆಯವರ ಪಾದ

ಗಂಟಿನ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿ ಮಾತಾಡೋಕೆ ಕಾರಣ ನಮ್ಮಮ್ಮ. ಅವರಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಯ್ತು. ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಅಂಗಡಿಯಿಂದ ತಂದ ಬಿಗಿ ಸಾಕ್ಸ್ ಹಾಕಿಕೊಂಡು ನಾಲ್ಕು ದಿನ ಓಡಾಡಿದರು. ಒಳಗೆ ಕಿರುಬೆರಳಿನ ಹತ್ತಿರ ಒಂದು ದಪ್ಪ ಹೊಲಿಗೆ ಇತ್ತು. ಅಲ್ಲಿ ಬೊಬ್ಬೆ ಎದ್ದು, ಒಡೆದು, ಹುಣ್ಣಾಗಿದೆ. ಅವರಿಗೆ ನೋವೇ ಆಗಿಲ್ಲ! ಸಾಕ್ಸಿಗೆ ಕಲೆಯಾಗಿದ್ದು ಕಂಡಿದ್ದು ಒಗೆಯುವಾಗ, ಅದೂ ಕಪ್ಪು ಸಾಕ್ಸ್ ಆದ್ದರಿಂದ ತಡವಾಗಿ. ಆ ಹುಣ್ಣು ಮಾಯೋಕೆ ಒಂದೂವರೆ ತಿಂಗಳು ಹಿಡಿಯಿತು.

ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದರೆ ಪಾದದ ನರಗಳು ಸೊರಗಿ ಸ್ಪರ್ಶ ಕಡಿಮೆಯಾಗುತ್ತೆ, ರಕ್ತ ಸಂಚಾರವೂ ಕಡಿಮೆಯಾಗಬಹುದು. ಸಣ್ಣ ಗಾಯವೂ ಗೊತ್ತಾಗದೆ ದೊಡ್ಡದಾಗುತ್ತೆ. ನಿರ್ಲಕ್ಷಿಸಿದರೆ ಬೆರಳು, ಕಾಲು ಕಳೆದುಕೊಳ್ಳೋ ಹಂತಕ್ಕೂ ಹೋಗುತ್ತೆ. ಅಂಥವರಿಗೆ ಹೆಣೆಯುವಾಗ ನಾಲ್ಕು ಮಾತು ನೆನಪಿರಲಿ. ಒಳಗೆ ಗಂಟು, ಏಣು ಏನೂ ಇರಬಾರದು. ಅಂಚು ಬಿಗಿಯಾಗಿರಬಾರದು, ಎಲಾಸ್ಟಿಕ್ ಹಾಕಲೇಬೇಡಿ. ಬಣ್ಣ ತಿಳಿಯಾಗಿರಲಿ, ರಕ್ತವೋ ಕೀವೋ ಅಂಟಿದರೆ ತಕ್ಷಣ ಕಾಣಬೇಕು. ಚೀಲ ಕಳಚಿದಾಗಲೆಲ್ಲ ಅಂಗಾಲನ್ನೂ ಬೆರಳ ಸಂದಿಯನ್ನೂ ಬೆಳಕಿನಲ್ಲಿ ನೋಡಬೇಕು. ಗಾಯ ಕಂಡರೆ ಅರಿಶಿನ ಹಚ್ಚಿ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಹುಣ್ಣು ಆಗಿರೋ ಕಾಲಿಗೆ ಯಾವ ಚೀಲ ಹಾಕಬೇಕು ಅಂತ ಅವರೇ ಹೇಳಬೇಕು, ಹೆಣೆದವರಲ್ಲ.

ಹುಣ್ಣು ಮಾದ ಮೇಲೆ ಅಮ್ಮನ ಪಾದದ ಅಳತೆ ತೆಗೆಯೋಕೆ ನಿಟ್ಟೂರಿಗೆ ಟೇಪು ಹಿಡಿದುಕೊಂಡು ಹೋಗಿದ್ದೆ. 'ನನಗ್ಯಾಕೆ, ಮಕ್ಕಳಿಗೆ ಹೆಣಿ' ಅಂದರು. ಮನೆಮಂದಿಗೆಲ್ಲ ಮೂವತ್ತು ವರ್ಷ ಹೆಣೆದ ಕೈ ಅದು. ಆ ಪಾದವನ್ನು ಯಾರೂ ಯಾವತ್ತೂ ಅಳೆದಿರಲಿಲ್ಲ. ಎಡಗಾಲಿಗಿಂತ ಬಲಗಾಲು ಅರ್ಧ ಇಂಚು ಅಗಲ ಅಂತ ಅವತ್ತೇ ಅವರಿಗೂ ಗೊತ್ತಾಗಿದ್ದು. ಬಲಗಾಲಿಗೆ ನಾಲ್ಕು ಹೊಲಿಗೆ ಜಾಸ್ತಿ ಹಾಕಿ ತಿಳಿ ಹಳದಿಯಲ್ಲಿ ಒಂದು ಜೊತೆ ಹೆಣೆದೆ. ಯಾವ ಅಂಗಡಿಯಲ್ಲಿ ಸಿಗುತ್ತೆ ಹೇಳಿ, ಎಡಗಾಲಿಗೊಂದು ಬಲಗಾಲಿಗೊಂದು ಅಳತೆ?

ಜೋಕೆ!

ಕಾಲುಚೀಲ ಹಾಕಿಕೊಂಡು ಟೈಲ್ಸ್, ಗ್ರಾನೈಟ್ ಮೇಲೆ ಓಡಾಡಿದರೆ ಜಾರುತ್ತೆ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ನಮ್ಮ ಹೆಣಿಗೆ ಯಾತಕ್ಕೂ ಬರೋದಿಲ್ಲ. ರಬ್ಬರ್ ಅಟ್ಟೆಯ ಮನೆ ಚಪ್ಪಲಿಯ ಒಳಗೆ ಹಾಕಿಕೊಳ್ಳಲಿ. ಬಚ್ಚಲಿಗೆ ಹೋಗುವಾಗ ಕಳಚಿಡಲಿ. ಅಕ್ರಿಲಿಕ್ ಚೀಲ ಹಾಕಿಕೊಂಡು ಒಲೆಯ ಮುಂದೆ, ಬೆಂಕಿ ಕಾಯೋ ಕಡೆ ಕೂರಬೇಡಿ. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತೆ. ಬೆವರೋ ಕಾಲಿಗೂ ಅಕ್ರಿಲಿಕ್ ಅಷ್ಟು ಒಳ್ಳೆಯದಲ್ಲ, ಉಣ್ಣೆಯ ಹಾಗೆ ಬೆವರು ಹೀರೋದಿಲ್ಲ. ದಿನಾ ಬದಲಾಯಿಸಿ. ತಣ್ಣೀರಲ್ಲಿ ಒಗೆದು, ಹಿಂಡದೆ, ಟವೆಲ್ಲಿನಲ್ಲಿ ಒತ್ತಿ ನೆರಳಲ್ಲಿ ಹರವಿ. ಗಂಟೆಗಟ್ಟಲೆ ಹೆಣೆದು ಕತ್ತು, ಮಣಿಕಟ್ಟು ನೋಯಿಸಿಕೊಳ್ಳಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಆಡಿಸಿ.

ಇನ್ನೊಂದು ಮಾತು. ಹೆಣಿಗೆ ಇಷ್ಟವಿಲ್ಲದವರು ಇದನ್ನು ಓದಿ ಬಲವಂತಕ್ಕೆ ಕೂರಬೇಡಿ. ಹೆಂಗಸು ಅಂದ ಮೇಲೆ ಹೆಣೆಯಲೇಬೇಕು ಅಂತ ಯಾವ ಶಾಸ್ತ್ರವೂ ಇಲ್ಲ. ನಿಮ್ಮ ಕವರನ್ನು ಹೆಣೆಯೋ ಗೆಳತಿಗೆ ಕೊಟ್ಟುಬಿಡಿ, ಆ ಅರ್ಧ ಗಂಟೆ ಕಾದಂಬರಿ ಓದಿ, ನಿದ್ದೆ ಮಾಡಿ. ಅದೂ ನಿಮ್ಮದೇ ಸಮಯ. ಹೆಣೆಯೋ ಆಸೆ ಇರೋ ಮಗನಿಗೂ ಕಡ್ಡಿ ಕೊಡಿ. ಮಗ್ಗದ ಮೇಲೆ ಗಂಡಸು ಕೂರಬಹುದಾದ್ರೆ ಸೋಫಾ ಮೇಲೆ ಕೂತು ಕಾಲುಚೀಲ ಯಾಕೆ ಹೆಣೆಯಬಾರದು?

ಯಾರಾದ್ರೂ 'ನಮಗೂ ಒಂದು ಜೊತೆ' ಅಂದ್ರೆ ಸಿಡುಕಬೇಡಿ, ಹಾಗಂತ ತಲೆಯಾಡಿಸಲೂಬೇಡಿ. 'ಬಾ, ಪಕ್ಕ ಕೂತು ಕಲಿ, ಉಲ್ಲನ್ ನಾನೇ ಕೊಡ್ತೀನಿ' ಅನ್ನಿ. ನಿಜವಾಗಿ ಬೇಕಾದವರು ಬರ್ತಾರೆ. ಬಂದವರಿಂದ ಮಧ್ಯಾಹ್ನಕ್ಕೆ ಒಂದು ಜೊತೆಗಾರಿಕೆ ಸಿಗುತ್ತೆ, ಬರದವರಿಂದ ನಿಮ್ಮ ಸಮಯ ಉಳಿಯುತ್ತೆ. ಮಾರೋಕೆ ಹೆಣೆಯೋರು ಉಲ್ಲನ್ನಿನ ತೂಕದ ಮೇಲೆ ಬೆಲೆ ಕಟ್ಟಬೇಡಿ, ಕೂತ ಗಂಟೆಗಳ ಮೇಲೆ ಕಟ್ಟಿ. 'ಉಳಿದ ಉಲ್ಲನ್ ತಾನೇ' ಅಂತ ಚೌಕಾಸಿ ಮಾಡೋರಿಗೆ ಎಂ.ಜಿ. ರೋಡಿನ ದಾರಿ ತೋರಿಸಿ. ಅಲ್ಲಿ ಅಗ್ಗಕ್ಕೇ ಸಿಗುತ್ತೆ.

ಈ ವಾರ ಒಂದು ಕೆಲಸ ಮಾಡಿ. ಬೀರುವಿನ ಮೇಲಿನ ಕವರ್ ಇಳಿಸಿ ಉಂಡೆಗಳನ್ನು ತೂಗಿ. ಆಮೇಲೆ ಟೇಪು ತೆಗೆದುಕೊಂಡು ಕುರ್ಚಿ ಮೇಲೆ ಕೂತು ನಿಮ್ಮ ಎರಡೂ ಪಾದ ಅಳೆದು, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಹಾಗೇ ಹಿಮ್ಮಡಿ ಎಷ್ಟು ಒಡೆದಿದೆ ಅಂತಲೂ ನೋಡಿಕೊಳ್ಳಿ. ಹೆಣೆಯೋದು ನಾಳೆಯಾದ್ರೂ ಆಗಲಿ, ಮುಂದಿನ ತಿಂಗಳಾದ್ರೂ ಆಗಲಿ.